ಎದ್ದು ನಿಂತವಳ ಪರವಾಗಿ ಲಿಫ್ಟ್ ಕಂಪನಿಯ ವ್ಯವಸ್ಥಾಪಕರಿಗೆ

ಮಾನ್ಯ ವ್ಯವಸ್ಥಾಪಕರೇ,

ಕಡಲಾಚೆಯ ತಮ್ಮ ಕಂಪನಿಗೂ, ಗಾಜಿನ ಗೋಡೆಗಳ ತಮ್ಮ ಸಭಾಕೊಠಡಿಗೂ ನಿವೃತ್ತ ಉಪಾಧ್ಯಾಯನೊಬ್ಬನ ಸವಿನಯ ವಂದನೆಗಳು. ಮೊದಲಿಗೆ, ತಮ್ಮ ಸಭಾವರದಿಯ ದೋಷವೊಂದನ್ನು ತಿದ್ದಲು ಅಪ್ಪಣೆಯಾಗಬೇಕು. ಲಿಫ್ಟಿನ ಬ್ರೇಕುಗಳನ್ನು ತಿಂಗಳಿಗೊಮ್ಮೆಯ ಬದಲು ವರ್ಷಕ್ಕೊಮ್ಮೆ ಪರೀಕ್ಷಿಸುವ ತಮ್ಮ ಯೋಜನೆಯನ್ನು ಹೊಸ ಎಂಜಿನಿಯರ್ ವಿರೋಧಿಸಿದಳೆಂದು ಅದರಲ್ಲಿದೆ. ಆಕೆ ನನ್ನ ತಂಗಿಯ ಮಗಳು; ಆಕೆ ಏನನ್ನೂ ವಿರೋಧಿಸಲಿಲ್ಲ. ಸಭೆಯ ಒಪ್ಪಿಗೆ ಕೇಳುತ್ತಿದ್ದ ಹೊತ್ತಿಗೆ ಸರಿಯಾಗಿ ತಾವು ಒಳಗೆ ದಯಮಾಡಿಸಿದಿರಿ, ಹಿರಿಯರು ಬಂದರೆಂದು ಆಕೆ ಎದ್ದು ನಿಂತಳು, ಅಷ್ಟೆ. ತಮ್ಮಲ್ಲಿ ಸಭೆಯಲ್ಲಿ ಎದ್ದು ನಿಂತರೆ ಒಪ್ಪಿಗೆಯಿಲ್ಲವೆಂದು ಅರ್ಥವಂತೆ!

"ಮಾವ, ಎಲ್ರೂ ದೆವ್ವ ಕಂಡ ಹಾಗೆ ನೋಡಿದ್ರು. ಸೋಮವಾರದೊಳಗೆ ವಿವರಣೆ ಬರ್ಕೊಡ್ಬೇಕಂತೆ, ಇಲ್ದಿದ್ರೆ ಕೆಲ್ಸ ಕಾಯಂ ಆಗಲ್ವಂತೆ. ಅಮ್ಮಂಗೆ ನೀವೇ ಹೇಳಿ" ಎಂದು ಆಕೆ ಫೋನಿನಲ್ಲಿ ಅತ್ತಳು. ಹೇಳಿದೆ. "ದೊಡ್ಡೋರು ಬಂದಾಗ ಕೂತೇ ಇರೋಕೆ ಅವಳಿಗೇನು ಸೊಂಟ ಮುರ್ದಿತ್ತಾ?" ಎಂದು ತಂಗಿ ನನ್ನನ್ನೇ ದಬಾಯಿಸಿದಳು.

ತಮ್ಮ ಶಿಷ್ಟಾಚಾರದ ಕೈಪಿಡಿಯನ್ನು ತರಿಸಿಕೊಂಡು ಓದಿ ಧನ್ಯನಾದೆ. ಕೈಕುಲುಕುವಾಗ ಎಷ್ಟು ಬಿಗಿ ಹಿಡಿಯಬೇಕು, ಎಷ್ಟು ಹಲ್ಲು ತೋರಿಸಬೇಕು ಎಂಬುದೆಲ್ಲ ಅದರಲ್ಲಿದೆ. ಯಾರು ಬೇಕಾದರೂ ನಿರ್ಭಯವಾಗಿ ಎದ್ದು ಆಕ್ಷೇಪಿಸಬಹುದೆಂದು ಮೊದಲ ಪುಟದಲ್ಲೇ ಇದೆ. ಹಾಗಿದ್ದೂ ಕಂಪನಿ ಹುಟ್ಟಿದಾಗಿನಿಂದ ಒಬ್ಬರೂ ಎದ್ದಿಲ್ಲವಂತೆ. ಇಂಥ ಒಮ್ಮತ ಬೆತ್ತ ಹಿಡಿದ ಕಾಲದಲ್ಲಿಯೂ ನನ್ನ ತರಗತಿಗೆ ಒದಗಲಿಲ್ಲ. ಕೊಟ್ಟ ಸ್ವಾತಂತ್ರ್ಯವನ್ನು ಬಳಸಿದವರಿಗೆ ನೋಟಿಸು ಕೊಡುವ ತಮ್ಮ ಔದಾರ್ಯವನ್ನು ಯಾವ ಬಾಯಿಯಿಂದ ಹೊಗಳಲಿ!

ಆದ್ದರಿಂದ ಪ್ರಾರ್ಥನೆಯಿಷ್ಟೆ: ಇನ್ನು ಮುಂದೆ ಸಿಬ್ಬಂದಿ ಬರುವ ಮೊದಲೇ ತಾವು ಸಭಾಕೊಠಡಿಯಲ್ಲಿ ಆಸೀನರಾಗಿದ್ದು, ಆಕೆ ಮನೆಗೆ ಹೋಗುವವರೆಗೂ ಅಲ್ಲಾಡದಿರಬೇಕು, ಅದು ಕಷ್ಟವಾದರೆ ಆಕೆಯ ಕುರ್ಚಿಗೆ ವಿಮಾನದಲ್ಲಿರುವಂಥ ಬೆಲ್ಟು ಹಾಕಿಸಬೇಕು, ಅದೂ ಆಗದಿದ್ದರೆ ತಾವು ಆಕೆಗಿಂತ ಚಿಕ್ಕವರಾಗಲು ಪ್ರಯತ್ನಿಸಬೇಕು.

ತಮ್ಮ ವಿಶ್ವಾಸಿ,
ಎದ್ದು ನಿಂತವಳ ಸೋದರಮಾವ
ಶುಕ್ರವಾರ, ಮಾರ್ಚ್ ೭, ಬೆಳಗ್ಗೆ ೧೦ ಗಂಟೆ ೨೦ ನಿಮಿಷ

ಮರೆತಿದ್ದ ಮಾತು: ಅಂದು ಆಕೆ ತಮ್ಮ ಯೋಜನೆಯನ್ನು ಓದಿಯೇ ಇರಲಿಲ್ಲ. ವಿವರಣೆ ಬರೆಯಬೇಕಲ್ಲ ಎಂದು ಈಗ ಕೂತು ಪೂರ್ತಿ ಓದಿದ್ದಾಳೆ. ಸೋಮವಾರದ ಸಭೆಯಲ್ಲಿ ತಾವು ಬಂದು ಕುಳಿತ ಮೇಲೂ ಆಕೆ ನಿಂತೇ ಇದ್ದರೆ, ದಯವಿಟ್ಟು ಅದನ್ನು ಗೌರವವೆಂದು ತಪ್ಪು ತಿಳಿಯಬೇಡಿ.