ಖಾಲಿ ಹೋಟೆಲಿನಲ್ಲಿ ಹೌಸ್‌ಫುಲ್

"ಈ ಶನಿವಾರ ಒಂದು ಕಳೀಲಿ, ನಮ್ಮ ಹೋಟೆಲಿನ ಮುಂದೆ ಜನ ಸಾಲುಗಟ್ಟಿ ನಿಲ್ಲದಿದ್ರೆ ನನ್ನ ಹೆಸರು ಬದಲಾಯಿಸು!"

ಯಜಮಾನರು ಗಲ್ಲಾಪೆಟ್ಟಿಗೆ ಗುದ್ದಿ ಹೀಗೊಂದು ಘೋರ ಪ್ರತಿಜ್ಞೆ ಮಾಡಿದಾಗ ಅದನ್ನು ಕೇಳಲು ಅಲ್ಲಿದ್ದದ್ದು ಆರು ಖಾಲಿ ಮೇಜುಗಳು ಮತ್ತು ಬೀನ್ಸ್ ಹೆಚ್ಚುತ್ತಿದ್ದ ಅವರ ಹೆಂಡತಿ.

"ನಿಮ್ಮ ಹೆಸರನ್ನ ಬೀದಿಯವರು ಯಾವತ್ತೋ ಬದಲಾಯಿಸಿ ಆಯ್ತಲ್ಲ, ಗಂಭೀರಪ್ಪ ಅಂತ! ಇನ್ನು ನಾನೇನು ಬದಲಾಯಿಸ್ಲಿ?" ಎಂದರು ಆಕೆ, ತಲೆ ಎತ್ತದೆ.

ಬೀದಿಯವರದು ತಪ್ಪಲ್ಲ ಬಿಡಿ. ಗಂಭೀರಪ್ಪನವರು ನಗುವುದಿಲ್ಲ. ಚಿಲ್ಲರೆ ವಾಪಸು ಕೊಡುವಾಗಲೂ ಸಾವಿನ ಮನೆಗೆ ಬಂದವರ ಹಾಗೆ ಮುಖ ಮಾಡಿಕೊಂಡಿರುತ್ತಾರೆ. ಆದರೆ ಈ ಸಲ ಗಂಭೀರವಾಗಿರಲು ನಿಜವಾದ ಕಾರಣವೇ ಇತ್ತು. ಪಕ್ಕದ ಶಾಲೆಯ ಕ್ಯಾಂಟೀನಿನವರು ಹೆಂಡತಿಯನ್ನು ಅಡುಗೆಗೆ ಕರೆದಿದ್ದರು. ಬರುತ್ತೀರೋ ಇಲ್ಲವೋ, ಸೋಮವಾರ ಹೇಳಿ ಎಂದಿದ್ದರು. ಆಕೆ ಹೋದರೆ ಹೋಟೆಲಿಗೆ ಬೀಗ ಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಲೆಯ ಮುಂದೆ ಆಕೆ ಇಲ್ಲದ ಹೋಟೆಲನ್ನು ನೆನೆಸಿಕೊಂಡರೇ ಗಂಭೀರಪ್ಪನವರಿಗೆ ಗಲ್ಲಾಪೆಟ್ಟಿಗೆಯ ಲೆಕ್ಕ ತಪ್ಪುತ್ತಿತ್ತು.

"ನನಗೇನು ಹೋಗೋ ಆಸೆ ಅಂದ್ಕೊಂಡ್ರಾ? ಮಾಡಿದ್ದನ್ನ ಸಂಜೆ ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ ರೀ. ತಿನ್ನೋ ಬಾಯಿ ಇರೋ ಕಡೆ ಅಡುಗೆ ಮಾಡ್ಬೇಕು ಅನ್ಸುತ್ತೆ" ಎಂದು ಆಕೆ ಹೇಳಿದ ಮೇಲೆ ಅವರಿಗೆ ಊಟ ಸೇರಿರಲಿಲ್ಲ.

ಆಪತ್ತಿಗೆ ಒದಗಿ ಈ ಪ್ರತಿಜ್ಞೆ ಮಾಡಿಸಿದ್ದವರು ಷಡ್ಡಕ. ಸೆಲ್‌ಫೋನಿನೊಳಗೇ ಸಂಸಾರ ಹೂಡಿರುವ ಮನುಷ್ಯ. "ಭಾವ, ಈಗ ಜನ ನಾಲಿಗೆಯಿಂದ ತಿನ್ನಲ್ಲ, ಫೋನಿಂದ ತಿಂತಾರೆ. ತಟ್ಟೆರಾಣಿ ಅಂತ ಒಬ್ಳಿದ್ದಾಳೆ. ಅವಳು ಒಂದು ವಿಡಿಯೋ ಹಾಕಿದ್ರೆ ಸಾಕು, ನಿಮ್ಮ ಹೋಟೆಲು ಎಲ್ಲಿಗೋ ಹೋಗುತ್ತೆ!"

"ಎಲ್ಲಿಗೂ ಹೋಗೋದು ಬೇಡ, ಇಲ್ಲೇ ಇರ್ಲಿ ಸಾಕು" ಎಂದರು ಗಂಭೀರಪ್ಪ.

ಷಡ್ಡಕರು ತಟ್ಟೆರಾಣಿಗೆ ಸಂದೇಶ ಕಳಿಸಿದರು. "ಶನಿವಾರ ಮಧ್ಯಾಹ್ನ ಆ ಕಡೆ ಬಂದರೆ ಇಣುಕುತ್ತೇನೆ" ಎಂದು ಉತ್ತರವೂ ಬಂತು. ಫೋನಿನಲ್ಲಿ ಆಕೆಯ ವಿಡಿಯೋ ತೋರಿಸಿದರು. ಮಿನುಗುವ ರೆಪ್ಪೆ, ಹೊಳೆಯುವ ತುಟಿ, ಚಮಚ ಬಾಯಿಗೆ ಹೋಗುವ ಮೊದಲೇ ಅರಳುವ ಕಣ್ಣು. ಗಂಭೀರಪ್ಪನವರು ಆ ಮುಖವನ್ನು ಪರೀಕ್ಷೆಗೆ ಓದಿದ ಹಾಗೆ ಉರುಹೊಡೆದರು.

"ಆದ್ರೆ ಭಾವ, ಖಾಲಿ ಹೋಟೆಲು ಕಂಡ್ರೆ ಅವಳು ಒಳಗೆ ಕಾಲಿಡಲ್ಲ. ಮೇಜು ತುಂಬಿರ್ಬೇಕು. ಬಾಗಿಲಿಂದ ನಾಲ್ಕು ಜನ ಜಾಗ ಇಲ್ದೆ ವಾಪಸು ಹೋಗ್ತಿರ್ಬೇಕು. ಆಗ ನೋಡಿ ಡಿಮ್ಯಾಂಡು!"

"ತುಂಬೋಕೆ ಜನ ಎಲ್ಲಿಂದ ತರ್ಲಿ?"

"ನೆಂಟರು ಯಾಕಿರೋದು?"

ಶನಿವಾರ ನೆಂಟರು ಬಂದರು. ಯಾವ ಕಷ್ಟಕ್ಕೂ ಬಾರದವರೂ ಬಂದರು. ದೊಡ್ಡಮ್ಮ, ಅತ್ತಿಗೆ, ಅತ್ತಿಗೆಯ ಅಕ್ಕ, ಆ ಅಕ್ಕನ ಬೀಗರು, ಹೀಗೆ ಆರೂ ಮೇಜು ಭರ್ತಿಯಾದವು. "ನಾನು ಹೇಳೋವರೆಗೂ ಯಾರೂ ಏಳಬಾರದು, ಬಾಯಿ ಆಡ್ತಾನೇ ಇರ್ಬೇಕು" ಎಂದು ಗಂಭೀರಪ್ಪ ಆಜ್ಞೆ ಹೊರಡಿಸಿ, ಇಸ್ತ್ರಿ ಹಾಕಿದ ಅಂಗಿಯಲ್ಲಿ ಗಾಜಿನ ಬಾಗಿಲ ಬಳಿ ದ್ವಾರಪಾಲಕರಾಗಿ ನಿಂತರು.

ಒಳಗೆ ಆಜ್ಞೆ ಅಕ್ಷರಶಃ ಪಾಲನೆಯಾಗುತ್ತಿತ್ತು. ಒಂದು ಸೂಪು ಸಾಕು ಎಂದಿದ್ದ ದೊಡ್ಡಮ್ಮ ನಾಲ್ಕನೇ ತಟ್ಟೆ ಅನ್ನಕ್ಕೆ ಕೈ ಹಾಕಿದ್ದರು. "ಉಪ್ಪು ಒಂದು ಕೈ ಮುಂದಾಯ್ತು ಕಣೇ" ಎಂದು ಅಡುಗೆಮನೆಗೆ ಕೇಳುವಂತೆ ಹೇಳಿ ಐದನೆಯದಕ್ಕೆ ತಟ್ಟೆ ಚಾಚಿದರು.

ಇತ್ತ ಬಾಗಿಲಲ್ಲಿ ಗಂಭೀರಪ್ಪನವರಿಗೆ ಹೊಸ ರುಚಿ ಹತ್ತಿತ್ತು. ಜಾಗ ಇಲ್ಲ ಎನ್ನುವ ಭಾಗ್ಯ ಜನ್ಮದಲ್ಲಿ ಅವರಿಗೆ ಸಿಕ್ಕಿರಲಿಲ್ಲ! ಮೊದಲು ಬಂದ ಲಾರಿ ಡ್ರೈವರನ್ನು ಕೈಮುಗಿದು ಕಳಿಸಿದರು. ಎರಡನೆಯವರಿಗೆ ಕೈಯನ್ನೂ ಮುಗಿಯಲಿಲ್ಲ. ಮೂರನೆಯದಾಗಿ ಬಂದಳು ಒಬ್ಬ ಹುಡುಗಿ. ಬಾಚದ ತಲೆ, ನೆಗಡಿಗೆ ಕೆಂಪಾದ ಮೂಗು, ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಎಲ್ಲರ ಹಾಗೆ ಒಂದು ಫೋನು.

"ಅಂಕಲ್, ಒಬ್ಳೇ ಇದೀನಿ. ಒಂದು ಮೂಲೆ ಆದ್ರೂ ಸಾಕು."

ಗಂಭೀರಪ್ಪನವರು ಎದೆ ಸೆಟೆಸಿ, ಆಕಾಶ ನೋಡಿ, ಅಪ್ಪಣೆ ಕೊಡಿಸಿದರು: "ಇಲ್ಲಿ ಜಾಗ ಸಿಗೋದು ಅಂದ್ರೆ ಯೋಗ ಕಣಮ್ಮ. ಅದು ಕೇಳಿ ಪಡೆಯೋದಲ್ಲ. ಕೂಡಿ ಬಂದಾಗ ಬಾ!" ಎಂದವರೇ ಆಕೆಯ ಕೆಂಪು ಮೂಗಿನ ಮುಂದೆ ಬಾಗಿಲು ಹಾಕಿಕೊಂಡರು. ಹುಡುಗಿ ಗಾಜಿನಾಚೆ ಒಂದು ಗಳಿಗೆ ನಿಂತು, ಸೀನಿ, ಹೊರಟುಹೋದಳು.

ತಟ್ಟೆರಾಣಿ ಬರಲೇ ಇಲ್ಲ. ಪಾತ್ರೆಗಳ ತಳ ಕಂಡ ಮೇಲೆ ನೆಂಟರು ತಾವಾಗಿಯೇ ಎದ್ದು, "ಮುಂದಿನ ಶನಿವಾರಾನೂ ಬರ್ಬೇಕಾ?" ಎಂದು ವಿಚಾರಿಸಿ ಹೊರಟರು. ಹೆಂಡತಿ ಒಲೆ ಒರೆಸುತ್ತಾ, "ಬೆಳಗಿಂದ ಬೇಯಿಸಿದ್ದು ನಮ್ಮ ದೊಡ್ಡಮ್ಮಂಗೆ. ಹಸಿದು ಬಂದೋರನ್ನ ಬಾಗಿಲಲ್ಲೇ ಕಳಿಸಿದ್ರಿ" ಎಂದಷ್ಟೇ ಹೇಳಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಂಜೆ ಷಡ್ಡಕರ ಫೋನು. "ಭಾವಾ! ಏನು ಮಾಡಿಬಿಟ್ರಿ! ಅವಳನ್ನೇ ವಾಪಸು ಕಳಿಸಿದ್ದೀರಲ್ಲ!"

"ಯಾರನ್ನ? ಅವಳು ಬರ್ಲೇ ಇಲ್ಲ. ಬಂದದ್ದು ಒಂದು ನೆಗಡಿ ಹುಡುಗಿ."

"ತಟ್ಟೆರಾಣಿಗೆ ನೆಗಡಿ ಆಗಬಾರ್ದಾ?"

ಆಕೆ ಹಾಕಿದ್ದ ವಿಡಿಯೋದಲ್ಲಿ ಸೂಪಿಲ್ಲ, ಅನ್ನವಿಲ್ಲ. ಇದ್ದದ್ದು ಗಂಭೀರಪ್ಪನವರ ಮುಖ ಒಂದೇ. "ಯೋಗ ಕಣಮ್ಮ" ಎಂದು ಅವರು ಆಕಾಶ ನೋಡುವುದು, ಬಾಗಿಲು ಮುಚ್ಚುವುದು. ಕೆಳಗೆ ಆಕೆಯ ಮಾತು: 'ಎಲ್ಲರೂ ನನ್ನನ್ನು ಕರೆಕರೆದು ಕೂರಿಸುತ್ತಾರೆ. ನನ್ನನ್ನು ಬೇಡ ಎಂದ ಮೊದಲ ಮಹಾನುಭಾವ ಇವರು!'

ಭಾನುವಾರ ಹೋಟೆಲಿನ ಮುಂದೆ ನಿಜಕ್ಕೂ ಸಾಲು! ತಿರುವಿನವರೆಗೂ ಸಾಲು! ಪ್ರತಿಜ್ಞೆ ನೆರವೇರಿತೆಂದು ಗಂಭೀರಪ್ಪನವರು ಬಾಗಿಲನ್ನು ಹಾರು ಹೊಡೆದು, "ಬನ್ನಿ, ಬನ್ನಿ" ಎಂದರು. ಯಾರೂ ಅಲುಗಲಿಲ್ಲ.

"ಹಾಗಲ್ಲ ಅಂಕಲ್, ನಿನ್ನೆ ಥರ ಹೇಳಿ" ಎಂದ ಮುಂದಿದ್ದವನು ಫೋನು ಎತ್ತಿ ಹಿಡಿದು.

ಗಂಭೀರಪ್ಪ ಹೇಳಿದರು. ಅವನು ಕೃತಾರ್ಥನಾಗಿ ಎದುರಿನ ಹೋಟೆಲಿಗೆ ಊಟಕ್ಕೆ ಹೋದ. ಮುಂದಿನವಳೂ ಬೈಸಿಕೊಂಡು ಎದುರಿಗೇ ಹೋದಳು. ನಿಜ ಹೇಳಬೇಕೆಂದರೆ ಮೊದಮೊದಲು ಅವರಿಗೂ ಹಿತವಾಗಿತ್ತು. ಒಂದು ಕೈ ಸೊಂಟಕ್ಕೆ ಕೊಟ್ಟು, ದನಿಯನ್ನು ಇನ್ನಷ್ಟು ತಗ್ಗಿಸಿ, ಬಂದವರನ್ನೆಲ್ಲ ಹಿಂದಕ್ಕೆ ಕಳಿಸಿದರು. ಉಸಿರು ತೆಗೆದುಕೊಳ್ಳಲು ಒಮ್ಮೆ ತಿರುಗಿ ನೋಡಿದರೆ ಆರೂ ಮೇಜು ಖಾಲಿ. ಕೊನೆಯ ಮೇಜಿನಲ್ಲಿ ಹೆಂಡತಿ ಏಪ್ರನ್ ಬಿಚ್ಚಿ ಮಡಚಿ ಮುಂದಿಟ್ಟುಕೊಂಡು ಕುಳಿತಿದ್ದರು. ಒಲೆಯ ಮೇಲೆ ಸೂಪು ಹಬೆಯಾಡುತ್ತಿತ್ತು.

ಗಂಭೀರಪ್ಪನವರು ಸೊಂಟದ ಮೇಲಿನ ಕೈ ಕೆಳಗಿಳಿಸಿದರು. "ಜಾಗ ಇದೆ!" ಎಂದು ಬೀದಿಗೆ ಇಳಿದು ಕೂಗಿದರು. "ನಿನ್ನೆ ಇದ್ದೋರೆಲ್ಲ ನಮ್ಮ ನೆಂಟರು! ನಾನು ಸುಳ್ಳು ಹೇಳ್ದೆ! ನನ್ನ ಹೆಂಡತಿ ಬೆಳಿಗ್ಗೆಯಿಂದ ಅಡುಗೆ ಮಾಡಿದ್ದಾಳೆ, ದಮ್ಮಯ್ಯ, ಒಳಗೆ ಬನ್ರಪ್ಪಾ!"

ಜನ ಚಪ್ಪಾಳೆ ತಟ್ಟಿದರು. "ಏನು ಆ್ಯಕ್ಟಿಂಗು! ಕಣ್ಣಲ್ಲಿ ನೀರು ನೋಡ್ರೋ!"

ಆಗ ಹೆಂಡತಿ ಹೊರಗೆ ಬಂದರು. ಕೈಯಲ್ಲಿ ಸೌಟು. "ಯಾರ್ಯಾರಿಗೆ ಇವರ ಹತ್ರ ಬೈಸ್ಕೋಬೇಕು? ಮೊದಲು ಒಳಗೆ ಬಂದು ಊಟ ಮಾಡಿ. ಹಸಿದ ಹೊಟ್ಟೆಯೋರಿಗೆ ಇನ್ನು ಇಲ್ಲಿ ಬೈಗುಳ ಇಲ್ಲ!"

ಸಾಲು ಒಳಗೆ ನುಗ್ಗಿತು. ಬಾಯಿಗೆ ಸೂಪು ಬಿದ್ದ ಮೇಲೆ ಹಲವರ ಫೋನು ಮೇಜಿನ ಮೇಲೆ ಮಲಗಿತು. ಯಾರೋ "ಅಮ್ಮ, ಇನ್ನೊಂದು ಸೌಟು" ಎಂದರು. ಊಟ ಮುಗಿಸಿ ಕೈ ಒರೆಸಿಕೊಂಡು ಬಂದವರನ್ನೆಲ್ಲ ಗಂಭೀರಪ್ಪ ಬಾಗಿಲಲ್ಲಿ ನಿಂತು, ಇಲ್ಲಿ ಜಾಗ ಸಿಗುವುದು ಯೋಗ ಎಂದು ಗದರಿಸಿ ಕಳಿಸಿದರು. ಗಂಟಲು ಹರಿದು ಹೋಯಿತು.

ಸೋಮವಾರ ಬೆಳಿಗ್ಗೆ ಹೆಂಡತಿ ಫೋನಿನಲ್ಲಿ ಮಾತು ಮುಗಿಸುವುದನ್ನೇ ಕಾದು, ಗಂಭೀರಪ್ಪ ಇದ್ದ ಚೂರು ದನಿಯಲ್ಲಿ ಕೇಳಿದರು. "ಶಾಲೆಯವರಿಗೆ ಏನಂದೆ?"

"ಬರಲ್ಲ ಅಂದೆ."

ಗಂಭೀರಪ್ಪನವರ ಎದೆ ಮತ್ತೆ ಸೆಟೆಯಿತು. "ನೋಡಿದ್ಯಾ! ನನ್ನಿಂದಲೇ ತಾನೇ?"

"ನಿಮ್ಮಿಂದಲೇ. ಅಲ್ಲಿ ಮುನ್ನೂರು ಮಕ್ಕಳಂತೆ, ನೋಡ್ಕೊಳ್ಳೋಕೆ ಟೀಚರುಗಳಿದ್ದಾರೆ. ಇಲ್ಲಿರೋದು ಒಂದೇ. ಅದನ್ನ ಯಾರ ಹತ್ರ ಬಿಟ್ಟು ಹೋಗ್ಲಿ?"