ಅಟ್ಟದ ತುಂಬ ಉಪ್ಪು

ಪಂಕಜಮ್ಮನಿಗೆ ಮರೆವಿನ ಕಾಯಿಲೆ ಹತ್ತಿದೆ ಎಂಬ ಘನಘೋರ ಸತ್ಯವನ್ನು ಅವರ ಪತಿ, ಜಯನಗರದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಪರಮಶಿವಯ್ಯನವರು ಪತ್ತೆಹಚ್ಚಿದ್ದು ಉಪ್ಪಿನಿಂದ. ಸಂಜೆ ವಾಕಿಂಗಿಗೆ ಚಪ್ಪಲಿ ಮೆಟ್ಟಿದರೆ ಸಾಕು, ಅಡುಗೆಮನೆಯಿಂದ "ಬರ್ತಾ ಉಪ್ಪು ತನ್ನಿ" ಎಂಬ ಅಪ್ಪಣೆ. ತಂದರೆ ಎರಡು ದಿನಕ್ಕೆ ಮತ್ತೆ ಉಪ್ಪು. ಅಟ್ಟದ ಮೇಲೆ ಪ್ಯಾಕೆಟ್ಟುಗಳು ದಂಡಿಯಾತ್ರೆಗೆ ಹೊರಟಂತೆ ಸಾಲುಗಟ್ಟಿದ್ದವು.

ತಂದದ್ದನ್ನು ನೋಡಿ ಮೊದಮೊದಲು ಪಂಕಜಮ್ಮ ರೇಗುತ್ತಿದ್ದರು. ಆಮೇಲೆ ಸುಮ್ಮನೆ ಎತ್ತಿಡತೊಡಗಿದರು. ಈಗೀಗಂತೂ ಮಾತೇ ಕಮ್ಮಿ. ಹಿಂದೆಲ್ಲ ತಂಗಿಯ ಮನೆ, ಪಕ್ಕದ ಮನೆ, ಸೀರೆ, ಸಾರು ಎಂದು ದಿನವಿಡೀ ವರದಿ ಒಪ್ಪಿಸುತ್ತಿದ್ದವರು ಅವರು. ಇವರು ಪೇಪರಿನ ಹಿಂದಿನಿಂದ "ಹೂಂ" ಎನ್ನುತ್ತಿದ್ದರು (ಸಂಸಾರಸ್ಥನಿಗೆ ಆ ಒಂದಕ್ಷರ ಸಾಕು). ವರದಿ ನಿಂತಾಗ ಮನೆಗೆ ನೆಮ್ಮದಿ ಬಂತೆಂದುಕೊಂಡಿದ್ದರು. ಈಗ ಭಯವಾಯಿತು. ನಾಳೆ ಪಂಕಜ ತಮ್ಮನ್ನೇ ಮರೆತುಬಿಟ್ಟರೆ?

ಹೆಂಡತಿಯನ್ನು ಬನಶಂಕರಿಯ ಡಾಕ್ಟರ ಬಳಿ ಕರೆದೊಯ್ದು ಉಪ್ಪಿನ ಪುರಾಣ ಬಿಚ್ಚಿದರು. ಡಾಕ್ಟರಮ್ಮ ಕೇಳಿದ ಪ್ರಶ್ನೆಗಳಿಗೆಲ್ಲ ಪಂಕಜಮ್ಮ ಪಟಪಟನೆ ಉತ್ತರ ಕೊಟ್ಟರು. ಕೊನೆಗೆ ಉಪ್ಪಿನ ವಿಷಯ ಬಂತು.

"ನಾನೆಲ್ಲಿ ಉಪ್ಪು ಕೇಳ್ದೆ ಡಾಕ್ಟ್ರೇ? ಕೇಳಿದ್ದು ಸೊಪ್ಪು. ಇವರಿಗೇ ಮರೆವು ಶುರುವಾಗಿದೆ ಅಂದ್ಕೊಂಡು ಸುಮ್ನಾದೆ. ಹೇಳಿದ್ದಕ್ಕೆಲ್ಲ ಹೂಂ ಅಂತಾರೆ, ಆಮೇಲೆ ನೀನು ಹೇಳೇ ಇಲ್ಲ ಅಂತಾರೆ."

ಡಾಕ್ಟರಮ್ಮ ಬಾಯಿಗೆ ಕಾಗದ ಅಡ್ಡ ಹಿಡಿದು ಪರಮಶಿವಯ್ಯನವರನ್ನು ಏನೋ ಕೇಳಿದರು. ಇವರು ಗಂಭೀರವಾಗಿ "ಹೂಂ" ಎಂದರು. ಕೇಳಿದ್ದು ಇವರ ಹೆಸರನ್ನು.

ಕಿವಿಯ ಪರೀಕ್ಷೆಯಾಯಿತು. ಡಾಕ್ಟರಮ್ಮ ಗಟ್ಟಿಯಾಗಿ ತಿಳಿಸಿ ಹೇಳಿದರು: "ಇದು ಮರೆವಲ್ಲ ಸಾರ್, ಕಿವುಡು. ಕೇಳಿಸದೇ ಇದ್ದದ್ದು ನೆನಪಲ್ಲಿ ಹೇಗಿರತ್ತೆ? ಆದ್ರೆ ಹೀಗೇ ಬಿಟ್ರೆ ಮಾತುಕತೆ ಕಮ್ಮಿಯಾಗತ್ತೆ, ಮಿದುಳಿಗೂ ಕೆಲಸ ಕಮ್ಮಿಯಾಗತ್ತೆ, ನಿಜವಾದ ಮರೆವು ಬರೋ ಅಪಾಯ ಜಾಸ್ತಿ. ಮಷೀನ್ ಹಾಕ್ಕೊಳ್ಳಿ. ಮನೇಲಿ ಚೆನ್ನಾಗಿ ಮಾತಾಡಿ."

ಮಷೀನು ಬಂತು. ಫ್ಯಾನಿನ ಕಿರುಗುಟ್ಟುವಿಕೆ, ಬೀದಿಯ ತರಕಾರಿಯವನ ಕೂಗು, ಎಲ್ಲವೂ ಮನೆಯೊಳಗೆ ನುಗ್ಗಿದವು. ಪಂಕಜಮ್ಮನ ದನಿಯೊಂದು ಮಾತ್ರ ಇರಲಿಲ್ಲ. ಎಷ್ಟು ವರ್ಷದ ಮಾತನ್ನು ಹೂಂ ಎಂದು ಕಳೆದುಬಿಟ್ಟೆನಲ್ಲ ಎಂದು ಪರಮಶಿವಯ್ಯನವರು ಲೆಕ್ಕ ಹಾಕತೊಡಗಿದರು. ಆ ಹೂಂಗಳಲ್ಲಿ ಕಿವಿಯವೆಷ್ಟು, ಸೋಮಾರಿತನದವೆಷ್ಟು ಎಂದು ಅವರಿಗೇ ಗೊತ್ತಿರಲಿಲ್ಲ.

ಪೇಪರು ಮಡಿಸಿಟ್ಟು, ಸೊಪ್ಪು ಬಿಡಿಸುತ್ತಿದ್ದ ಹೆಂಡತಿಯ ಎದುರು ಕುಳಿತರು.

"ನಿನ್ನ ತಂಗಿ ಮನೆ ಸಮಾಚಾರ ಏನೇ ಪಂಕಜಾ? ಮೊದಲಿಂದ ಹೇಳು. ಈಗ ಎಲ್ಲಾ ಕೇಳಿಸತ್ತೆ."

ಸೊಪ್ಪಿನ ದಂಟು ಮುರಿದ ಸದ್ದೂ ಸ್ಪಷ್ಟವಾಗಿ ಕೇಳಿಸಿತು. ಪಂಕಜಮ್ಮ ತಲೆ ಎತ್ತದೆ ಹೇಳಿದ್ದೂ ಅಷ್ಟೇ ಸ್ಪಷ್ಟವಾಗಿ ಕೇಳಿಸಿತು.

"ಹೂಂ."