ಹನ್ನೊಂದು ಮಂದಿ ಎಲ್ಲಿಗೂ ಹೋಗಿಲ್ಲ

ಸುಧಾಕರ: ಎಷ್ಟು ಸಲ ಹೇಳಬೇಕು ಕಾಂತಿ? ಈ ಮನೆಗೆ ಕೊರೋನಾ ತಂದದ್ದು ನಿನ್ನ ತಮ್ಮನೇ. ದುಬೈಯಿಂದ ವಿಮಾನದಲ್ಲಿ ಹೊರಟು ನೇರ ನಮ್ಮ ಜಗಲಿಯಲ್ಲಿ ಇಳಿದದ್ದು.

ಕಾಂತಿ: ಹೌದು, ತಂದವನು ಅವನು. ಆದರೆ ಮೊದಲು ಜ್ವರ ಬಂದದ್ದು ನಿಮಗೆ. ಅವನು ಮಲಗಿದ್ದು ಮತ್ತೆ ಮೂರು ದಿನ ಕಳೆದು.

ಸುಧಾಕರ: ನನ್ನ ಶರೀರ ಸೂಕ್ಷ್ಮ. ನನಗೆ ಬೇಗ ತಿಳಿಯುತ್ತದೆ.

ಕಾಂತಿ: ತುಂಬ ಸೂಕ್ಷ್ಮ. ಗ್ಯಾಸ್ ಸಿಲಿಂಡರ್ ಎತ್ತಬೇಕಾದ ದಿನವಂತೂ ಬೆಳಿಗ್ಗೆಯೇ ತಿಳಿಯುತ್ತದೆ.

ಸುಧಾಕರ ಪುಂಜಾಲಕಟ್ಟೆಯಲ್ಲಿ ಸಣ್ಣದೊಂದು ಹೋಟೆಲು ನಡೆಸುವವರು. ಜ್ವರ ಬಿಟ್ಟು ಮೂರು ವಾರ ಕಳೆದರೂ ಈ ಜಗಳ ಅವರನ್ನು ಬಿಟ್ಟಿರಲಿಲ್ಲ. ಬರುವ ಭಾನುವಾರ ಮಗಳು ಸಾತ್ವಿಕಾಳ ನಿಶ್ಚಿತಾರ್ಥ. ಹುಡುಗಿಯ ಸೋದರಮಾವ ಎದುರು ನಿಂತು ವೀಳ್ಯ ಕೊಡದೆ ನಿಶ್ಚಯ ಮಾಡುವ ಕ್ರಮ ಅವರ ಕುಟುಂಬದಲ್ಲಿ ಇಲ್ಲ. ಇರುವ ಒಬ್ಬನೇ ಸೋದರಮಾವ ರಂಜಿತ್ ಮಾತ್ರ, ಭಾವನ ಮಾತಿಗೆ ಬೇಸರಗೊಂಡು, ಮೂಡುಬಿದಿರೆಯಲ್ಲಿ ಗೆಳೆಯ ಅಸ್ಕರನ ಮನೆ ಸೇರಿ ಕುಳಿತಿದ್ದ.

ಕಾಂತಿ: ಹೇಳುವುದಾದರೆ ಅವನೊಬ್ಬನಿಗೆ ಹೇಳಬೇಕಿತ್ತು. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಲವತ್ತೆರಡು ಮಂದಿ ಇದ್ದಾರೆ. "ರಂಜಿತ್ ದುಬೈಯಿಂದ ಏನು ತಂದ ಅಂತ ಕೇಳಿದಿರಲ್ಲ, ಇದು ಕೇಳಿಸಿಕೊಳ್ಳಿ" ಅಂತ ಹೇಳಿ ಎರಡು ಸಲ ಕೆಮ್ಮಿ ಕಳಿಸಿದ್ದೀರಿ.

ಸುಧಾಕರ: ಅದರಲ್ಲಿ ಸುಳ್ಳು ಏನುಂಟು? ನನ್ನ ದೊಡ್ಡಣ್ಣ ಧರ್ಣಪ್ಪನವರೇ ಅದಕ್ಕೆ ಹೆಬ್ಬೆರಳು ಒತ್ತಿದ್ದಾರೆ.

ಕಾಂತಿ: ಅದೇ ಗುಂಪಿನಲ್ಲಿ, ನಿಮ್ಮದೇ ಸ್ವರದಲ್ಲಿ ತಪ್ಪಾಯಿತು ಅಂತ ಹೇಳಿದರೆ ಬರ್ತಾನಂತೆ. ಇಲ್ಲದಿದ್ದರೆ ಶನಿವಾರದ ವಿಮಾನಕ್ಕೆ ಹೊರಡ್ತಾನಂತೆ.

ಸುಧಾಕರ: ವರದಿ ಬರಲಿ ಮಾರಾಯ್ತಿ! ಸುಮ್ಮನೆ ಆರೋಪ ಮಾಡುವವ ನಾನಲ್ಲ. ನಾನೇ ಆರೋಗ್ಯ ಕೇಂದ್ರಕ್ಕೆ ಹೋಗಿ, ನಮ್ಮಿಬ್ಬರ ಮಾದರಿಯನ್ನೂ ಬೆಂಗಳೂರಿಗೆ, ಜೀನೋಮ್ ಸೀಕ್ವೆನ್ಸಿಂಗಿಗೆ ಕಳಿಸಬೇಕು ಅಂತ ಬರೆದುಕೊಟ್ಟಿದ್ದೇನೆ. ವೈರಸ್ಸಿನ ಜಾತಕವನ್ನೇ ಬಿಡಿಸಿ ಓದುತ್ತಾರೆ. ನಮ್ಮಲ್ಲಿ ಕುಲ ಬರುವುದು ತಾಯಿಯ ಕಡೆಯಿಂದ. ಜ್ವರವೂ ಹಾಗೆಯೇ ಬಂದದ್ದು ಅಂತ ವಿಜ್ಞಾನ ಹೇಳ್ತದೆ, ನೋಡು.

ಕಾಂತಿ: ವಿಜ್ಞಾನ ಬೇರೆ ಹೇಳಿದರೆ?

ಸುಧಾಕರ: ಗುಂಪಿನಲ್ಲಿ ತಪ್ಪು ಒಪ್ಪಿಕೊಳ್ತೇನೆ. ನಾನೇ ಕಾರು ತೆಗೆದುಕೊಂಡು ಹೋಗಿ ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ತರ್ತೇನೆ.

ಅಷ್ಟರಲ್ಲಿ ಅಂಗಳದಲ್ಲಿ ಸ್ಕೂಟರು ನಿಂತಿತು. ಆರೋಗ್ಯ ಕೇಂದ್ರದ ಸಹಾಯಕಿ ರಾಫಿಯಾ ಕೈಯಲ್ಲಿ ಕಡತ ಹಿಡಿದು ಜಗಲಿ ಹತ್ತಿದಳು. ಕಾಂತಿ ಕುರ್ಚಿ ಎಳೆದಳು. ಸುಧಾಕರ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

ಸುಧಾಕರ: ಬಂತಾ? ಓದಿ, ಗಟ್ಟಿಯಾಗಿ ಓದಿ. ಇವಳಿಗೆ ಕೇಳಲಿ.

ರಾಫಿಯಾ: ಓದುವ ಮೊದಲು ಸ್ವಲ್ಪ ವಿವರಿಸಬೇಕು ಸುಧಾಕರಣ್ಣ. ವೈರಸ್ಸಿನ ಒಳಗೆ ಸುಮಾರು ಮೂವತ್ತು ಸಾವಿರ ಅಕ್ಷರಗಳ ಒಂದು ಬರಹ ಉಂಟು ಅಂತ ತಿಳಿಯಿರಿ. ಅದು ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಆ ಬರಹವನ್ನು ನಕಲು ಮಾಡ್ತಾ ಹೋಗ್ತದೆ. ಅಪರೂಪಕ್ಕೆ ಒಂದು ಅಕ್ಷರ ತಪ್ಪುತ್ತದೆ. ಅದನ್ನು ನಕಲು ಮಾಡಿದವರಲ್ಲೆಲ್ಲ ಅದೇ ತಪ್ಪು ಉಳಿಯುತ್ತದೆ.

ಕಾಂತಿ: ಪರೀಕ್ಷೆಯಲ್ಲಿ ಹಿಂದಿನ ಬೆಂಚಿನವರು ಸಿಕ್ಕಿಬೀಳುತ್ತಿದ್ದದ್ದೂ ಹಾಗೆಯೇ. ಮುಂದೆ ಕೂತವನ ತಪ್ಪು ಅಷ್ಟೂ ಮಂದಿಯ ಕಾಗದದಲ್ಲಿ.

ಸುಧಾಕರ: ಅಷ್ಟು ಉದ್ದಕ್ಕೆ ಯಾಕೆ? ಹುಂಜದ ಹಾಗೆ ಅಂತ ಹೇಳಿ. ಮರಿಯ ಕುತ್ತಿಗೆಯ ಗರಿ ನೋಡಿದರೆ ಸಾಕು, ಯಾವ ಹುಂಜದ ಸಂತಾನ ಅಂತ ಹೇಳಬಹುದು. ಮೊನ್ನೆ ಗೆದ್ದ ಬಿಳಿ ಹುಂಜವನ್ನೇ ನೋಡಿ, ಕಾಲಿನ ಹಳದಿ...

ಸುಧಾಕರ ಅಲ್ಲಿಗೆ ನಿಲ್ಲಿಸಿದರು. ಕಾಂತಿ ಅವರ ಕಡೆ ತಿರುಗಿದಳು.

ಕಾಂತಿ: ಮೊನ್ನೆ? ಎಲ್ಲಿ ಗೆದ್ದದ್ದು?

ಸುಧಾಕರ: ಯಾರೋ ಹೋಟೆಲಿನಲ್ಲಿ ಮಾತಾಡಿದ್ದು. ಚಹಾ ಕುಡಿಯುವವರ ಬಾಯಿ ಮುಚ್ಚಿಸಲಿಕ್ಕಾಗ್ತದಾ?

ಕಾಂತಿ: ಕೋಳಿ ಕಾದಿಸುವ ಅಂಕದ ದಿಕ್ಕಿಗೆ ತಲೆ ಹಾಕಿ ಮಲಗುವುದೂ ಇಲ್ಲ ಅಂತ ಮೂರು ವರ್ಷದ ಹಿಂದೆ ಸಾತ್ವಿಕಾಳ ತಲೆ ಮುಟ್ಟಿ ಹೇಳಿದ್ದೀರಿ. ನೀವು ಓದಿ ರಾಫಿಯಾ.

ರಾಫಿಯಾ: ದುಬೈಯಿಂದ ಬಂದವರಲ್ಲಿ ಆ ವಾರ ಸಿಕ್ಕಿದ ವೈರಸ್ಸೇ ಬೇರೆ ಕೊಂಬೆಯದ್ದು, ತಪ್ಪಿದ ಅಕ್ಷರಗಳೇ ಬೇರೆ. ಸುಧಾಕರಣ್ಣನದ್ದು ಅದಲ್ಲ. ಬೆಳ್ತಂಗಡಿ ಕಡೆಯ ನಾಲ್ಕು ಮಂದಿ, ವಾಮದಪದವಿನ ಮೂವರು, ಮೂಡುಬಿದಿರೆಯ ಮೂವರು. ಈ ಹತ್ತು ಮಂದಿಯದ್ದಕ್ಕೂ ಇವರದ್ದಕ್ಕೂ ಅಕ್ಷರಕ್ಕೆ ಅಕ್ಷರ ಹೊಂದಿಕೆ.

ಸುಧಾಕರ: ಮತ್ತೆ ರಂಜಿತನದ್ದು?

ರಾಫಿಯಾ: ಅದೂ ಇದೇ. ಜೊತೆಗೆ ಒಂದು ಹೊಸ ಅಕ್ಷರ ತಪ್ಪಿದೆ. ಬರೀ ವರದಿ ನೋಡಿ ಯಾರಿಂದ ಯಾರಿಗೆ ಅಂತ ಖಂಡಿತ ಹೇಳುವ ಹಾಗಿಲ್ಲ. ಆದರೆ ಸೋಮವಾರ ವಿಮಾನ ನಿಲ್ದಾಣದಲ್ಲಿ ಅವರದ್ದು ನೆಗೆಟಿವ್. ಬುಧವಾರ ನಿಮಗೆ ಜ್ವರ, ಶನಿವಾರ ಅವರಿಗೆ. ತಾರೀಖು ಸೇರಿಸಿ ನೋಡಿದರೆ ಅವರು ಇಲ್ಲಿಗೆ ತಂದದ್ದಲ್ಲ, ಇಲ್ಲಿಂದ ತೆಗೆದುಕೊಂಡು ಹೋದದ್ದು.

ಕಾಂತಿ: ಪಾಪ, ನನ್ನ ತಮ್ಮ ಭಾವನಿಗೆ ಅತ್ತರು ತಂದ, ವಾಚು ತಂದ. ಬರಿಗೈಯಲ್ಲಿ ಕಳಿಸಬಾರದು ಅಂತ ಭಾವ ಜ್ವರ ಕೊಟ್ಟು ಕಳಿಸಿದರು. ದೊಡ್ಡ ಮನಸ್ಸು.

ಸುಧಾಕರ: ಬೆಂಗಳೂರಿನ ಯಂತ್ರಕ್ಕೆ ಪುಂಜಾಲಕಟ್ಟೆಯ ವಿಷಯ ಏನು ಗೊತ್ತು? ನಾನು ಎಲ್ಲಿಗೂ ಹೋಗಿಲ್ಲ!

ರಾಫಿಯಾ: ಅದೇ ಕಷ್ಟ ಸುಧಾಕರಣ್ಣ. ನಿಮ್ಮನ್ನೂ ಸೇರಿಸಿ ಈ ಹನ್ನೊಂದು ಮಂದಿಯಲ್ಲಿ ಯಾರೂ ಎಲ್ಲಿಗೂ ಹೋಗಿಲ್ಲ. ಮೂರು ತಾಲೂಕು ಸುತ್ತಿದ್ದು ವೈರಸ್ಸು ಒಂದೇ, ಪಾಪ, ಬಸ್ಸು ಹಿಡಿದು.

ಸುಧಾಕರ: ರಂಜಿತ್ ಬರುವ ಮುಂಚಿನ ದಿನ, ಭಾನುವಾರ, ಕಲ್ಲಡ್ಕಕ್ಕೆ ಹೋಗಿದ್ದೆ, ಒಪ್ಪುತ್ತೇನೆ. ಹಲ್ಲಿನ ಡಾಕ್ಟರಲ್ಲಿಗೆ. ಅಲ್ಲಿ ಯಾರಾದರೂ ಕೆಮ್ಮಿರಬೇಕು.

ರಾಫಿಯಾ: ಹನ್ನೊಂದರಲ್ಲಿ ನಾಲ್ಕು ಮಂದಿ ಮಾತು ಬೆಳೆದ ಮೇಲೆ ಕಲ್ಲಡ್ಕದ ಹಲ್ಲಿನ ಡಾಕ್ಟರನ್ನೇ ಹೇಳಿದ್ದಾರೆ. ವಿಚಾರಿಸಿದೆ. ಆ ಭಾನುವಾರ ಅವರ ಕ್ಲಿನಿಕ್ಕಿಗೆ ಬೀಗ.

ಕಾಂತಿ: ಹಲ್ಲು ನೋವು ಅಂತ ಹೋದವರು ಸಂಜೆ ಊರ ಕೋಳಿ ಹಿಡಿದುಕೊಂಡು ಬಂದಿರಿ. ಎರಡು ಕಿಲೋದ ಹುಂಜ, ಎದೆಯಲ್ಲಿ ಗಾಯ, ಕಾಲಿನಲ್ಲಿ ನೂಲು ಬಿಗಿದ ಗುರುತು. ಏನಿದು ಅಂತ ಕೇಳಿದರೆ ಅಂಗಡಿಯವನು ಓಡದ ಹಾಗೆ ಕಟ್ಟಿದ್ದು ಅಂದಿರಿ. ಮರುದಿನ ಬಂದ ನನ್ನ ತಮ್ಮನಿಗೆ ಅದನ್ನೇ ಸಾರು ಮಾಡಿ ಬಡಿಸಿದೆ, ನನ್ನ ಕೈಯಾರೆ! ಅದು ಅಂಕದಲ್ಲಿ ಸೋತ ಹುಂಜ, ಬಾಳುಕತ್ತಿ ಕಟ್ಟಿದ ಗುರುತು ಅಲ್ವ?

ಸುಧಾಕರ ಗೋಡೆಯ ಕ್ಯಾಲೆಂಡರಿನಲ್ಲಿ ಏನನ್ನೋ ಹುಡುಕತೊಡಗಿದರು.

ರಾಫಿಯಾ: ನಾನು ಪೊಲೀಸಲ್ಲ ಸುಧಾಕರಣ್ಣ. ಕೋಳಿಯ ವಿಷಯ ನನಗೆ ಬೇಡ. ವಾಮದಪದವಿನಲ್ಲಿ ಸೇಸಮ್ಮ ಅಂತ ಒಬ್ಬರು ಅಜ್ಜಿ ಹನ್ನೆರಡು ದಿನ ಆಮ್ಲಜನಕದಲ್ಲಿದ್ದರು, ಊರಿಗೆಲ್ಲ ಗೊತ್ತು. ಹಾಸಿಗೆ ಬಿಟ್ಟು ಎದ್ದವರಲ್ಲ. ಅವರ ಹತ್ತಿರಕ್ಕೆ ಇದು ನಡೆದು ಹೋದ ದಾರಿಯಲ್ಲಿ ಇನ್ನೂ ಮೂರು ಕೊಂಡಿ ಸಿಕ್ಕಿಲ್ಲ. ಆ ಮೂವರ ಮನೆಯಲ್ಲಿಯೂ ಮುದುಕರಿರಬಹುದು, ಮಕ್ಕಳಿರಬಹುದು.

ಸುಧಾಕರ ಕ್ಯಾಲೆಂಡರು ಬಿಟ್ಟು ಈಚೆ ತಿರುಗಿದರು.

ಸುಧಾಕರ: ಅಜ್ಜಿ ಈಗ ಹೇಗಿದ್ದಾರೆ?

ರಾಫಿಯಾ: ಮೊನ್ನೆ ಮನೆಗೆ ಬಂದರು. ಎದ್ದು ಕೂತು ಗಂಜಿ ಉಣ್ಣುತ್ತಾರೆ.

ಸುಧಾಕರ: ದೇವರು ದೊಡ್ಡವನು. ಆಯಿತು, ಹೋಗಿದ್ದೆ. ಮೂಡುಬಿದಿರೆ ಕಡೆಯ ಒಂದು ಗುಡ್ಡಕ್ಕೆ. ಇನ್ನೂರು ಮಂದಿ ಇದ್ದರು. ಮಾಸ್ಕು ಇದ್ದದ್ದು ಒಬ್ಬನಿಗೆ, ಅದೂ ಪೊಲೀಸರು ಬಂದರೆ ಗುರುತು ಸಿಗಬಾರದು ಅಂತ. ಆದರೆ ಜೊತೆಗೆ ಯಾರಿದ್ದರು ಅಂತ ಮಾತ್ರ ಕೇಳಬೇಡಿ. ಮನೆತನದ ಮರ್ಯಾದೆ.

ಕಾಂತಿ: ರಾಫಿಯಾ ಕೇಳುವುದಿಲ್ಲ. ನೀವು ಮೊದಲು ಫೋನು ತೆಗೆಯಿರಿ. ವಿಜ್ಞಾನ ಹೇಳಿ ಆಯಿತು, ಇನ್ನು ನೀವು ಹೇಳುವ ಸರದಿ. ಅದೇ ಗುಂಪು, ಅದೇ ಸ್ವರ. ಕೆಮ್ಮುವುದು ಬೇಡ.

ಸುಧಾಕರ ಎರಡು ಸಲ ಗಂಟಲು ಸರಿಮಾಡಿಕೊಂಡರು. ಮೂರನೆಯ ಸಲ ಕಾಂತಿಯ ಮುಖ ನೋಡಿ ಬಿಟ್ಟರು.

ಸುಧಾಕರ (ಫೋನಿಗೆ): ಎಲ್ಲರಿಗೂ ನಮಸ್ಕಾರ. ರಂಜಿತ್, ನನ್ನಿಂದ ತಪ್ಪಾಯಿತು. ರೋಗ ನೀನು ತಂದದ್ದಲ್ಲ. ಮೂಡುಬಿದಿರೆ ಕಡೆ ಕೋಳಿ ಅಂಕಕ್ಕೆ ಹೋಗಿ ನಾನೇ ತಂದದ್ದು, ನಿನಗೂ ಕೊಟ್ಟದ್ದು. ವೈರಸ್ಸಿನ ವರದಿಯಲ್ಲಿ ಎಲ್ಲ ಬಂದಿದೆ. ಅಲ್ಲಿಗೆ ಬಂದಿದ್ದವರನ್ನೆಲ್ಲ ಆರೋಗ್ಯ ಕೇಂದ್ರದವರು ಹುಡುಕುತ್ತಾ ಇದ್ದಾರೆ. ಭಾನುವಾರಕ್ಕೆ ನೀನು ಬರಲೇಬೇಕು, ನಾನೇ ಕಾರು ತಂದು ಮುಂದಿನ ಸೀಟಿನಲ್ಲಿ ಕೂರಿಸಿ ಕರೆದುಕೊಂಡು ಬರ್ತೇನೆ.

ಸಂದೇಶ ಹೋಯಿತು. ಮೂವರೂ ಫೋನಿಗೆ ಬಗ್ಗಿ ನೋಡುತ್ತಾ ಕುಳಿತರು. ಎರಡು ನಿಮಿಷದಲ್ಲಿ ಪರದೆಯ ಮೇಲೆ ಒಂದು ಸಾಲು ಮೂಡಿತು.

ಕಾಂತಿ: ಇದೇನು? "ಧರ್ಣಪ್ಪ ಗುಂಪನ್ನು ತೊರೆದಿದ್ದಾರೆ". ದೊಡ್ಡಣ್ಣ ಯಾಕೆ ಹೋದರು?

ಸುಧಾಕರ: ಫೋನಿನಲ್ಲಿ ಚಾರ್ಜು ಇಲ್ಲದಿರಬಹುದು.

ಕಾಂತಿ: ಜತ್ತಪ್ಪ ಮಾವನ ಫೋನಿನಲ್ಲಿಯೂ ಇಲ್ಲವೇನೋ. ಅವರೂ ಹೋದರು. ಅಯ್ಯೋ, ಅವರ ಮಗ ಉಜ್ವಲನೂ ಹೋದ!

ರಾಫಿಯಾ ಕಡತ ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದಳು.

ರಾಫಿಯಾ: ಧರ್ಣಪ್ಪ, ಜತ್ತಪ್ಪ, ಉಜ್ವಲ್. ಮೂರು ಕೊಂಡಿ. ಬೆಂಗಳೂರಿನಲ್ಲಿ ಮೂರು ವಾರ ಹಿಡಿಯಿತು, ನಿಮ್ಮ ಗುಂಪಿನಲ್ಲಿ ಎರಡು ನಿಮಿಷ. ಮನೆ ಎಲ್ಲಿ ಅಂತ ಹೇಳಿ ಕಾಂತಿಯಕ್ಕ, ಈಗಲೇ ಹೋಗ್ತೇನೆ.

ಅವಳು ಸ್ಕೂಟರು ತಿರುಗಿಸುವಾಗ ರಂಜಿತನ ಉತ್ತರ ಬಂತು. ಕಾಂತಿ ಸ್ವರ ದೊಡ್ಡದು ಮಾಡಿದಳು.

ರಂಜಿತನ ಸ್ವರ: ಭಾವ, ವಿಮಾನದ ಟಿಕೇಟು ಮುಂದೆ ಹಾಕಿದೆ. ವೀಳ್ಯ ನಾನೇ ಕೊಡ್ತೇನೆ. ಮುಂದಿನ ಸೀಟು ಬೇಡ, ಬಸ್ಸಿನಲ್ಲಿ ಬರ್ತೇನೆ. ಒಂದೇ ಮಾತು, ಈ ಸಲ ಕೋಳಿಯನ್ನು ಅಂಗಡಿಯಿಂದ ತನ್ನಿ.

ಸುಧಾಕರರ ಮುಖ ಅರಳಿತು.

ಸುಧಾಕರ: ಕೇಳಿದಿಯಾ? ಬಂಗಾರದಂಥ ಹುಡುಗ! ನಾನು ಮೊದಲಿನಿಂದ ಹೇಳ್ತಾ ಇದ್ದೆ. ಭಾನುವಾರ ಕೋಳಿ ಸಾರು, ರೊಟ್ಟಿ, ಸುಕ್ಕ, ಯಾವುದೂ ಕಡಿಮೆ ಆಗಬಾರದು.

ಕಾಂತಿ: ಆಗುವುದಿಲ್ಲ. ಬಂದವರಿಗೆಲ್ಲ ಹೊಟ್ಟೆ ತುಂಬ ಬಡಿಸ್ತೇನೆ. ನಿಮಗೆ ಮಾತ್ರ ಗಂಜಿ. ಹಲ್ಲು ನೋವು ಉಂಟಲ್ಲ!